ಪಾರ್ಕಿನೊಳಗಿನ ಪಯಣಿಗರ ಲೌಂಜ್: ಓದುಗರು ಕೇಳಿದ್ದು, ನಾವು ಹೇಳಿದ್ದು

ಈ ಸಲದ ಪತ್ರಗಳೆಲ್ಲ ಹೆಚ್ಚುಕಮ್ಮಿ ಒಂದೇ ಜಾಗದ ಸುತ್ತ ಇವೆ. ಅಮೆರಿಕದ ಫ್ಲಾರಿಡಾದಲ್ಲಿ ಒರ್ಲ್ಯಾಂಡೊ ಬಳಿ ವಾಲ್ಟ್ ಡಿಸ್ನಿ ವರ್ಲ್ಡ್ ಇದೆಯಲ್ಲ, ಅದರ ಅನಿಮಲ್ ಕಿಂಗ್‌ಡಮ್ ಪಾರ್ಕಿನೊಳಗಿನ ನೋಮ್ಯಾಡ್ ಲೌಂಜ್. ಪ್ರವಾಸವನ್ನೇ ವಿಷಯವಾಗಿ ಇಟ್ಟುಕೊಂಡು ಕಟ್ಟಿದ ಜಾಗ ಅದು. ಬರೆದವರಲ್ಲಿ ಹೆಚ್ಚಿನವರು ಮಕ್ಕಳ ಮನೆಗೆಂದು ಹೊರಟಿರುವ ಹಾಸನ, ಚಿಕ್ಕಮಗಳೂರು ಸೀಮೆಯ ಹಿರಿಯರು. ಮೂಡಿಗೆರೆಯ ಪತ್ರ ಮಾತ್ರ ಬೇರೆ ದಾರಿ ಹಿಡಿದಿದೆ, ಅದಕ್ಕೆ ಉತ್ತರವೂ ಉದ್ದವಾಗಿದೆ.

ಮಗಳು ಡಿಸೆಂಬರಿನಲ್ಲಿ ನಮ್ಮಿಬ್ಬರನ್ನೂ ಅಲ್ಲಿಗೆ ಕರೆದೊಯ್ಯುತ್ತಾಳಂತೆ. ಲೌಂಜಿನಲ್ಲೇ ಊಟ ಅನ್ನುತ್ತಾಳೆ. ಲೌಂಜ್ ಅಂದರೆ ಬಾರ್ ಅಲ್ಲವೇ? ಹೊಟ್ಟೆ ತುಂಬುವಂಥದ್ದು ಸಿಗುತ್ತದೆಯೇ?
— ನಿವೃತ್ತ ಶಿಕ್ಷಕರು, ಹಾಸನ

ಬಾರ್ ಇದೆ, ಆದರೆ ಮಕ್ಕಳುಮರಿ ಕಟ್ಟಿಕೊಂಡು ಹೋಗಿ ಕೂರುವ ಜಾಗವೂ ಹೌದು. ಸಂಕೋಚ ಬೇಡ. ಪಾರ್ಕ್ ತೆರೆದದ್ದು 1998ರ ಏಪ್ರಿಲ್ 22ರಂದು. ಟಿಫಿನ್ಸ್ ಎಂಬ ದೊಡ್ಡ ಹೋಟೆಲೂ ಅದಕ್ಕೆ ಅಂಟಿಕೊಂಡ ಈ ಲೌಂಜೂ ಬಂದದ್ದು 2016ರ ಮೇ 27ರಂದು. ಪಾರ್ಕನ್ನು ರೂಪಿಸಿದ ಜೋ ರೋಡ್ ಮತ್ತವರ ತಂಡ ಆಫ್ರಿಕಾ, ಏಷ್ಯಾ ಸುತ್ತಿ ಅಧ್ಯಯನ ಮಾಡಿದ್ದೇ ಟಿಫಿನ್ಸ್ ಗೋಡೆಗಳ ಚಿತ್ರಗಳಿಗೆ ಮೂಲ. ಲೌಂಜಿನ ಸೂರಿನಿಂದ ಉದ್ದದ ಬಟ್ಟೆಪಟ್ಟಿಗಳು ಇಳಿಬಿದ್ದಿರುತ್ತವೆ. ಅವುಗಳ ಮೇಲೆ ಪ್ರವಾಸದ ಬಗ್ಗೆ ಒಂದೊಂದು ಪ್ರಶ್ನೆ, ಜೊತೆಗೆ ಪಯಣಿಗರು ಬರೆದ ಉತ್ತರದ ಚೀಟಿಗಳು.

ಇನ್ನು ಹೊಟ್ಟೆಯ ವಿಷಯ. ಟಿಫಿನ್ಸ್‌ನಲ್ಲಿ ಮೇಜಿನ ಮೇಲೆ ಕ್ರಮವಾಗಿ ಬಡಿಸುವ ಪೂರ್ತಿ ಊಟ. ಲೌಂಜಿನಲ್ಲಿ ಸೋಫಾ, ಒರಗುವ ಕುರ್ಚಿ, ಗಿಡ್ಡ ಮೇಜು, ಚಿಕ್ಕ ತಟ್ಟೆಗಳು. ಹಸಿದು ಸುಸ್ತಾದಾಗ ಇಲ್ಲಿಗೆ ನುಗ್ಗಿದರೆ ತಟ್ಟೆಗಳ ಮೇಲೆ ತಟ್ಟೆ ತರಿಸಿಕೊಂಡು, ಬಿಲ್ಲು ಊಟದ ಬಿಲ್ಲನ್ನೂ ಮೀರಿ, ಹೊಟ್ಟೆ ಮಾತ್ರ ಅರ್ಧವೇ ತುಂಬಿರುತ್ತದೆ. ನಮ್ಮ ಸಲಹೆ: ಹನ್ನೊಂದರ ಸುಮಾರಿಗೆ ಪಾರ್ಕಿನ ಕೌಂಟರ್ ಹೋಟೆಲಿನಲ್ಲಿ ಊಟ ಮುಗಿಸಿ. ಮಧ್ಯಾಹ್ನ ಮೂರರ ಹೊತ್ತಿಗೆ, ಕಾಲು ಸೋತಾಗ, ಲೌಂಜಿಗೆ ಬನ್ನಿ. ಮೂವರಿಗೆ ಮೊದಲು ಎರಡೇ ತಟ್ಟೆ ಹೇಳಿ, ಅವು ಬಂದ ಮೇಲೆ ಬೇಕಿದ್ದರೆ ಮೂರನೆಯದು. ಇಂಥ ಕಡೆ ತಟ್ಟೆಗಳು ಒಟ್ಟಿಗೆ ಬರುವುದಿಲ್ಲ, ಯಾವುದು ಮೊದಲು ತಯಾರಾಯಿತೋ ಅದು ಬರುತ್ತದೆ. ಒಟ್ಟಿಗೆ ಐದು ಹೇಳಿಬಿಟ್ಟರೆ ಆ ಗಿಡ್ಡ ಮೇಜಿನ ಮೇಲೆ ಲೋಟ ಇಡಲೂ ಜಾಗ ಉಳಿಯುವುದಿಲ್ಲ.

ಮುಂಗಡ ಬುಕಿಂಗ್ ಬೇಕೇ?
— ಅರಸೀಕೆರೆಯಿಂದ

ಟಿಫಿನ್ಸ್‌ಗೆ 60 ದಿನ ಮುಂಚಿನಿಂದ ಕಾಯ್ದಿರಿಸಬಹುದು. ಕಾಯ್ದಿರಿಸಿ, ರದ್ದೂ ಮಾಡದೆ ತಪ್ಪಿಸಿದರೆ ತಲೆಗೆ ಇಷ್ಟೆಂದು ದಂಡ ಬೀಳುತ್ತದೆ. ಲೌಂಜ್ ನಡೆದುಬಂದಿರುವುದು ಕಾಯುವ ಪಟ್ಟಿಯ ಮೇಲೆ. ಡಿಸ್ನಿಯ ಆ್ಯಪ್‌ನಲ್ಲಿ ಹೆಸರು ಸೇರಿಸಬೇಕು, ಪಾರ್ಕಿನಲ್ಲಿ ಹತ್ತಿರ ಇದ್ದಾಗಲೇ ಅದು ಒಪ್ಪುತ್ತದೆ. ಮನೆಯಿಂದ ಒತ್ತಿದರೆ ಆಗುವುದಿಲ್ಲ. ಪಾಂಡೊರಾ, ಅಂದರೆ ‘ಅವತಾರ್’ ಸಿನಿಮಾದ ಲೋಕದಂತೆ ಕಟ್ಟಿದ ಪಾರ್ಕಿನ ಭಾಗ, ಅದರ ಕಡೆಯ ಸೇತುವೆ ಪಕ್ಕದಲ್ಲೇ ಇದೆ. ಹೆಸರು ಸೇರಿಸಿ ಆ ಕಡೆ ಒಂದು ಸುತ್ತು ಹಾಕಿ ಬನ್ನಿ, ಫೋನಿಗೆ ಕರೆ ಸಂದೇಶ ಬರುತ್ತದೆ. ಪಾಂಡೊರಾದ ಫ್ಲೈಟ್ ಆಫ್ ಪ್ಯಾಸೇಜ್ ಸವಾರಿ ಮಾಡುವವರು ಮೊದಲು ಸವಾರಿ ಮುಗಿಸಿ, ಆಮೇಲೆ ತಿನ್ನಿ. ತುಂಬಿದ ಹೊಟ್ಟೆಗೆ ಆ ಓಲಾಟ ಒಳ್ಳೆಯದಲ್ಲ. 44 ಇಂಚು ಎತ್ತರ ಇಲ್ಲದ ಮಕ್ಕಳನ್ನು ಅದಕ್ಕೆ ಹತ್ತಿಸುವುದಿಲ್ಲ, ಮೊಮ್ಮಕ್ಕಳಿಗೆ ಮೊದಲೇ ಹೇಳಿಡಿ.

ನಾವು ಜೈನರು. ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆಗೆಣಸು ಇಲ್ಲ, ಸೂರ್ಯಾಸ್ತದ ಮೇಲೆ ಊಟ ಇಲ್ಲ. ಅಲ್ಲಿ ‘ವೆಜಿಟೇರಿಯನ್’ ಎಂದು ಹೇಳಿದರೆ ಸಾಕೇ?
— ಶ್ರವಣಬೆಳಗೊಳದ ಕುಟುಂಬ

ಸಾಲದು. ಅಮೆರಿಕದಲ್ಲಿ ಆ ಮಾತಿಗೆ ಮಾಂಸ ಇಲ್ಲ ಎಂದಷ್ಟೇ ಅರ್ಥ, ಮೊಟ್ಟೆ ಇರಬಹುದು. ತರಕಾರಿ ಸೂಪಿನ ತಳದಲ್ಲಿ ಕೋಳಿಯ ಸಾರು, ಏಷ್ಯಾದ ತಿನಿಸುಗಳಲ್ಲಿ ಮೀನಿನ ಸಾಸ್, ಸೀಸರ್ ಸಲಾಡಿನಲ್ಲಿ ಆಂಚೊವಿ ಮೀನು, ಕೆಲವು ಚೀಸಿನಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಹೆಪ್ಪು, ಅಲುಗಾಡುವ ಸಿಹಿಗಳಲ್ಲಿ ಪ್ರಾಣಿಗಳ ಮೂಳೆ ಚರ್ಮದಿಂದ ಮಾಡುವ ಜೆಲಾಟಿನ್ ಇರಬಹುದು. ಆಲೂ ಫ್ರೈಗೂ ಕೋಳಿಗೂ ಒಂದೇ ಎಣ್ಣೆ ಬಾಣಲೆ ಆಗಿರಬಹುದು.

ಮೆನುವಿನಲ್ಲಿ ಹಸಿರು ಎಲೆಯ ಗುರುತು ನೋಡಿ. ಡಿಸ್ನಿ 2019ರಲ್ಲಿ ತಂದ ಗುರುತು ಅದು. ಮಾಂಸ, ಹಾಲು, ಮೊಟ್ಟೆ, ಜೇನು ಯಾವುದೂ ಇಲ್ಲ ಎಂದು ಅದರ ಅರ್ಥ. ಆದರೆ ಈರುಳ್ಳಿ ಬೆಳ್ಳುಳ್ಳಿಗೆ ಅದು ಹೊಣೆಯಲ್ಲ. ಅದಕ್ಕೆ ಕೂತ ತಕ್ಷಣ, ಮೆನು ತೆರೆಯುವ ಮೊದಲೇ, ಬಡಿಸುವವರಿಗೆ ಹೇಳಬೇಕು. ‘ನಮ್ಮ ಧರ್ಮದಲ್ಲಿ ತಿನ್ನುವುದಿಲ್ಲ’ ಎಂದು ವಿವರಿಸುವುದಕ್ಕಿಂತ ಬೇಡವಾದ ಪದಾರ್ಥಗಳನ್ನು ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದು ಕೈಗೆ ಕೊಡುವುದು ವಾಸಿ: ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್, ಶುಂಠಿ, ಮೊಟ್ಟೆ, ಮೀನು, ಮಾಂಸದ ಸಾರು. ಆ ಚೀಟಿ ನೇರ ಅಡುಗೆಮನೆಗೆ ಹೋಗುತ್ತದೆ. ಬಾಯಲ್ಲಿ ಹೇಳಿದ್ದು ಅಲ್ಲಿಗೆ ತಲುಪುವಷ್ಟರಲ್ಲಿ ಅರ್ಧ ಸೋರಿಹೋಗಿರುತ್ತದೆ. ಮೊದಲೇ ಅರೆದಿಟ್ಟ ಸಾಸುಗಳಿಂದ ಬೆಳ್ಳುಳ್ಳಿ ತೆಗೆಯಲು ಯಾರಿಂದಲೂ ಆಗುವುದಿಲ್ಲ, ಹಾಗಾಗಿ ಸಾಸ್ ಇಲ್ಲದೆ ಕೇಳಿ.

ಡಿಸೆಂಬರಿನಲ್ಲಿ ಅಲ್ಲಿ ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ನಾಲ್ಕಕ್ಕೇ ಕೂತರೆ ನಿರಾಳ. ಮನೆಯ ಖಾಖ್ರಾ, ಅವಲಕ್ಕಿ, ಚಪಾತಿ ಒಯ್ಯಲು ಪಾರ್ಕಿನವರು ಬಿಡುತ್ತಾರೆ. ಬಿಸಿ ಮಾಡಬೇಕಾದ್ದು ಇರಬಾರದು, ಗಾಜಿನ ಬಾಟಲಿ ಇರಬಾರದು, ಬಿಡಿ ಐಸ್ ಇರಬಾರದು, ಅಷ್ಟೇ. ಲೌಂಜಿನ ಮೇಜಿನ ಮೇಲೆ ಮಾತ್ರ ಬುತ್ತಿ ಬಿಚ್ಚಬೇಡಿ, ಹೊರಗೆ ಬೆಂಚುಗಳಿವೆ. ಕೌಂಟರ್ ಹೋಟೆಲುಗಳಲ್ಲಿ ಐಸ್ ನೀರು ಪುಕ್ಕಟೆ ಕೊಡುತ್ತಾರೆ, ಅದನ್ನು ಕೇಳಿ ಪಡೆಯಿರಿ.

ಟಿಫಿನ್ಸ್‌ನಲ್ಲಿ ಇಡ್ಲಿ ಸಿಗುತ್ತದೆಯೇ? ಇಲ್ಲದಿದ್ದರೆ ನಮ್ಮ ಊಟದ ಹತ್ತಿರದ್ದು ಯಾವುದು?
— ಕಡೂರಿನಿಂದ

ಇಡ್ಲಿಯ ಆಸೆ ಬಿಡಿ. ಹತ್ತಿರದ್ದು ಬೇಕಾದರೆ ಪಾರ್ಕಿನ ಹೊರಗೆ, ಡಿಸ್ನಿಯದೇ ವಸತಿಗೃಹವಾದ ಅನಿಮಲ್ ಕಿಂಗ್‌ಡಮ್ ಲಾಡ್ಜಿನ ಕಿಡಾನಿ ವಿಲೇಜ್ ಎಂಬ ಭಾಗದಲ್ಲಿರುವ ಸನಾ ಹೋಟೆಲಿಗೆ ಹೋಗಿ. ಆಫ್ರಿಕಾದ ಜೊತೆ ಭಾರತದ ಮಸಾಲೆ ಬೆರೆಸಿದ ಅಡುಗೆ ಅಲ್ಲಿಯದು. ನಾನ್ ಮುಂತಾದ ರೊಟ್ಟಿಗಳ ಜೊತೆ ಒಂಬತ್ತು ಬಗೆಯ ನೆಂಚಿಕೆ ಬರುವ ತಟ್ಟೆಗೇ ಅದು ಹೆಸರುವಾಸಿ. ಕಿಟಕಿಯಾಚೆ ಹುಲ್ಲುಗಾವಲಿನಲ್ಲಿ ಜಿರಾಫೆ, ಜೀಬ್ರಾ ಮೇಯುತ್ತಿರುತ್ತವೆ. ಪಾರ್ಕಿನ ಟಿಕೆಟ್ ಬೇಕಿಲ್ಲ, ಪಾರ್ಕಿನಿಂದ ಲಾಡ್ಜಿಗೆ ಉಚಿತ ಬಸ್ ಇದೆ. ಕತ್ತಲಾದ ಮೇಲೆ ಹೋದರೆ ಪ್ರಾಣಿಗಳು ಕಾಣದೆ ಅರ್ಧ ಖುಷಿ ಅಲ್ಲೇ ಹೋಯಿತು. ಶ್ರವಣಬೆಳಗೊಳದವರು ಗಮನಿಸಿ: ಆ ನೆಂಚಿಕೆಗಳಲ್ಲಿ ಬೆಳ್ಳುಳ್ಳಿ ಉಪ್ಪಿನಕಾಯಿಯೂ ಒಂದು.

ಮೆನುವಿನ ಬೆಲೆಗೂ ಕೊನೆಗೆ ಕೊಡುವ ಹಣಕ್ಕೂ ತಾಳೆಯೇ ಆಗುವುದಿಲ್ಲವಂತೆ?
— ಸಕಲೇಶಪುರದಿಂದ

ಮೆನುವಿನಲ್ಲಿ ಇರುವುದು ಬರೀ ತಿಂಡಿಯ ಬೆಲೆ. ಅದರ ಮೇಲೆ ಮಾರಾಟ ತೆರಿಗೆ ಶೇ 6.5, ಬಡಿಸುವವರ ಟಿಪ್ಸ್ ಶೇ 18ರಿಂದ 20. ತಟ್ಟೆಗಳ ಲೆಕ್ಕ 60 ಡಾಲರ್ ಆದರೆ ತೆರಿಗೆ 3.90, ಶೇ 18ರಂತೆ ಟಿಪ್ಸ್ 10.80, ಒಟ್ಟು 74.70. ಆರು ಜನ ಅಥವಾ ಹೆಚ್ಚು ಇದ್ದರೆ ಶೇ 18 ಟಿಪ್ಸನ್ನು ಬಿಲ್ಲಿನಲ್ಲೇ ಸೇರಿಸಿಬಿಡುತ್ತಾರೆ. ದೊಡ್ಡ ಸಂಸಾರದವರು ಅದನ್ನು ನೋಡದೆ ಕೆಳಗಿನ ಖಾಲಿ ಸಾಲಿನಲ್ಲಿ ಮತ್ತೊಮ್ಮೆ ಟಿಪ್ಸ್ ಬರೆದುಕೊಡುವುದು ಸಾಮಾನ್ಯ. ಸಹಿ ಹಾಕುವ ಮೊದಲು ‘ಗ್ರ್ಯಾಚುಯಿಟಿ’ ಎಂಬ ಸಾಲು ಹುಡುಕಿ, ಅಲ್ಲಿ ಟಿಪ್ಸಿಗೆ ಅದೇ ಹೆಸರು. ಮದ್ಯ ಕೇಳುವವರಿಗೆ 21 ತುಂಬಿರಬೇಕು. ತಲೆ ನರೆತಿದ್ದರೂ ಗುರುತು ಕೇಳಬಹುದು, ಆಗ ಪಾಸ್‌ಪೋರ್ಟಿನ ಅಸಲು ಬೇಕು, ಜೆರಾಕ್ಸ್ ನಡೆಯದು.

ಮಂಡಿನೋವಿದೆ. ನದಿಯ ಕಡೆ ಹೊರಾಂಗಣ ಚೆಂದವಂತೆ, ಅಲ್ಲೇ ಕೂರಲೇ?
— ಬೇಲೂರಿನ ಗೃಹಿಣಿ

ಚಳಿಗಾಲವಾದರೆ ಕೂರಿ. ಡಿಸ್ಕವರಿ ನದಿ ಎಂದು ಅವರೇ ತೋಡಿದ ಕಾಲುವೆಯ ಪಕ್ಕದ ಕಟ್ಟೆ ಅದು. ಜೂನ್‌ನಿಂದ ಸೆಪ್ಟೆಂಬರ್ ತನಕ ಅಲ್ಲಿ ಮಧ್ಯಾಹ್ನವಾದರೆ ಗುಡುಗು ಸಿಡಿಲಿನ ಮಳೆ. ನಮ್ಮ ಮಳೆಯ ಹಾಗೆ ದಿನವಿಡೀ ಜಿಟಿಜಿಟಿ ಅಲ್ಲ, ಬಂದು ಹೊಡೆದು ಹೋಗುವಂಥದ್ದು. ಮಳೆಗೆ ಮುಂಚಿನ ಸೆಕೆ ಮೈಗೆ ಅಂಟುತ್ತದೆ, ಆಗ ಒಳಗೇ ವಾಸಿ. ಇನ್ನು ಮಂಡಿ. ಹೊರಗಾಗಲಿ ಒಳಗಾಗಲಿ ತಗ್ಗಿನ ಸೋಫಾದಲ್ಲಿ ಹೂತುಕೊಂಡರೆ ಏಳುವುದು ಕಷ್ಟ. ಹೆಸರು ಬರೆಸುವಾಗಲೇ ಕೈಯಿರುವ ನೆಟ್ಟನೆಯ ಕುರ್ಚಿ ಬೇಕೆಂದು ಹೇಳಿ. ತಂಪು ಪಾನೀಯಕ್ಕೆ ಪ್ಲಾಸ್ಟಿಕ್ ಸ್ಟ್ರಾ ಕೇಳಬೇಡಿ. ಪ್ರಾಣಿಗಳ ಬಾಯಿಗೆ ಸಿಕ್ಕೀತೆಂದು ಈ ಪಾರ್ಕಿನಲ್ಲಿ ಕಾಗದದ್ದನ್ನೇ ಕೊಡುತ್ತಾರೆ, ಹತ್ತು ನಿಮಿಷಕ್ಕೆ ಮೆತ್ತಗಾಗುತ್ತದೆ.

ತೋಟದ ಹೋಂಸ್ಟೇ ಪಕ್ಕ 30 × 20 ಅಡಿಯ ಹಳೆಯ ಕಾಫಿ ಗೋಡೌನ್ ಖಾಲಿ ಇದೆ. ನೋಮ್ಯಾಡ್ ಫೋಟೊ ನೋಡಿ, ಅದೇ ತರಹ ಅತಿಥಿಗಳು ಬರೆದ ಚೀಟಿಗಳನ್ನು ತೂಗುಹಾಕಿ ಸಂಜೆ ತಿಂಡಿಯ ಲೌಂಜ್ ಮಾಡುವ ಯೋಚನೆ. ನಮ್ಮ ಮಳೆಗೆ ತಡೆಯುತ್ತದೆಯೇ? ಏನು ಬಡಿಸಬಹುದು?
— ಬೆಳೆಗಾರರು, ಮೂಡಿಗೆರೆ

ಮೊದಲು ಮೇಜಿನ ಎತ್ತರ ನಿರ್ಧರಿಸಿ, ತಿಂಡಿ ತಾನಾಗಿ ನಿರ್ಧಾರವಾಗುತ್ತದೆ. ಊಟದ ಮೇಜು 29–30 ಇಂಚು ಇರುತ್ತದೆ. ಲೌಂಜಿನಲ್ಲಿ ಸೋಫಾ 16–17, ಮೇಜು 18–20 ಇಂಚು. ಅಷ್ಟು ತಗ್ಗಿನಲ್ಲಿ ತಟ್ಟೆಯಿಂದ ಬಾಯಿಗೆ ದಾರಿ ದೂರ. ಸಾರು ಅನ್ನ ಕೊಟ್ಟಿರೋ, ಅತಿಥಿಯ ಅಂಗಿಯೂ ನಿಮ್ಮ ಸೋಫಾವೂ ಹಾಳು. ಒಂದೇ ಕೈಯಲ್ಲಿ, ಎರಡು ತುತ್ತಿಗೆ ಮುಗಿಯುವ, ತೊಟ್ಟಿಕ್ಕದ ತಿಂಡಿಯೇ ಆಗಬೇಕು. ಅಕ್ಕಿರೊಟ್ಟಿಯನ್ನು ನಾಲ್ಕಿಂಚಿಗೆ ತಟ್ಟಿ, ಕಾಯಿಚಟ್ನಿಯನ್ನು ನೀರು ಬಿಡದಂತೆ ಗಟ್ಟಿಯಾಗಿ ಅರೆಯಿರಿ. ಪತ್ರೊಡೆಯನ್ನು ಮುಕ್ಕಾಲು ಗಂಟೆ ಚೆನ್ನಾಗಿ ಬೇಯಿಸಿ, ಆರಿದ ಮೇಲೆ ಅರ್ಧ ಇಂಚು ದಪ್ಪಕ್ಕೆ ಹೆಚ್ಚಿ ಕಾವಲಿಯಲ್ಲಿ ಎರಡೂ ಬದಿ ಕೆಂಪಗೆ ಮಾಡಿ. ಬಿಸಿಯಿದ್ದಾಗಲೇ ಹೆಚ್ಚಿದರೆ ಸುರುಳಿ ಬಿಚ್ಚಿಕೊಳ್ಳುತ್ತದೆ. ಹುಣಸೆ ಕಡಿಮೆಯಾಗಿ ಎಲೆ ಅರೆಬೆಂದರೆ ಗಂಟಲು ತುರಿಸುತ್ತದೆ, ಕೆಸುವಿನೊಳಗಿನ ಆಕ್ಸಲೇಟ್ ಹರಳುಗಳ ಕೆಲಸ ಅದು. ಕಳಲೆ ವಡೆ ಮಾಡುವುದಾದರೆ ಕಳಲೆಯನ್ನು ಹೆಚ್ಚಿ ಎರಡು ಮೂರು ದಿನ ದಿನವೂ ನೀರು ಬದಲಿಸಿ ನೆನೆಸಲೇಬೇಕು. ಹಸಿ ಕಳಲೆಯಲ್ಲಿ ಸೈನೈಡ್ ಬಿಡುವ ಅಂಶ ಇರುವುದರಿಂದ ಅತಿಥಿಗಳ ವಿಷಯದಲ್ಲಿ ಅವಸರ ಸಲ್ಲದು.

ಒರಗಿ ಕೂರುವವರಿಗೆ ತಲೆಗೆ 20–25 ಚದರಡಿ ಬೇಕು. ನಿಮ್ಮ 600 ಚದರಡಿಯಲ್ಲಿ ಕೌಂಟರಿಗೆ 100 ಬಿಟ್ಟರೆ ಇಪ್ಪತ್ತು ಜನ. ಮೂವತ್ತು ಕುರ್ಚಿ ತುರುಕಿದರೆ ಅದು ಮದುವೆ ಛತ್ರವಾಗುತ್ತದೆ.

ಚೀಟಿಗಳ ಮಾತಿಗೆ ಬಂದರೆ, ಫ್ಲಾರಿಡಾದಲ್ಲಿ ಒಳಗೆ ಏಸಿ ಓಡುತ್ತದೆ, ಮೂಡಿಗೆರೆಯ ಗೋಡೌನಿನಲ್ಲಿ ಜುಲೈ ತೇವ ಓಡುತ್ತದೆ. ಕಾಗದ ತೇವ ಕುಡಿದು ಸುರುಟಿ, ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಲ್ಯಾಮಿನೇಷನ್ ಮಾಡಿಸಬೇಡಿ, ಅಂಚಿನಿಂದ ನುಗ್ಗಿದ ತೇವ ಒಳಗೇ ಸಿಕ್ಕಿಕೊಂಡು ಕಪ್ಪು ಚುಕ್ಕೆ ಬೇಗ ಬರುತ್ತದೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ರಟ್ಟು ತನ್ನಿ, ಪೆನ್ಸಿಲಿನಲ್ಲೋ ಬಾಲ್‌ಪೆನ್ನಿನಲ್ಲೋ ಬರೆಸಿ. ಜೆಲ್ ಪೆನ್ನಿನ ಅಕ್ಷರ ತೇವಕ್ಕೆ ಹರಡುತ್ತದೆ. ಸೆಣಬಿನ ಹುರಿಗೂ ಬೂಷ್ಟು ಬರುತ್ತದೆ, ಗಾಳದ ನೈಲಾನ್ ದಾರ ಸಾಕು, ಕಣ್ಣಿಗೂ ಕಾಣುವುದಿಲ್ಲ. ಮೇ ಕೊನೆಗೆ ಎಲ್ಲ ಬಿಚ್ಚಿ, ಬಿಸಿಲು ತೋರಿಸಿ, ಸಿಲಿಕಾ ಜೆಲ್ ಹಾಕಿದ ಟ್ರಂಕಿನಲ್ಲಿಟ್ಟು ದಸರಾ ಕಳೆದ ಮೇಲೆ ಮತ್ತೆ ಕಟ್ಟಿ. ಮಳೆಗಾಲಕ್ಕೆ ಕಪ್ಪು ಬಣ್ಣ ಬಳಿದ ತಗಡಿನ ತುಂಡು, ಸೀಮೆಸುಣ್ಣ. ಅಳಿಸಿ ಮತ್ತೆ ಬರೆಯಬಹುದು. ತಟ್ಟೆಗಳ ನೇರ ಮೇಲೆ ಯಾವುದನ್ನೂ ತೂಗಬೇಡಿ, ಧೂಳು ಹುಳ ಉದುರುತ್ತವೆ.

ಬಲ್ಬು 2700 ಕೆಲ್ವಿನ್ ಹಳದಿಯದಿರಲಿ. ಮೊದಲ ಮಳೆ ಬಿದ್ದ ಸಂಜೆ ಈಸಲು ಏಳುವುದು ನಿಮಗೆ ಹೇಳಬೇಕಿಲ್ಲ. ಬಿಳಿ ದೀಪವಿದ್ದರೆ ಕಾಫಿ ಲೋಟದಲ್ಲೂ ರೆಕ್ಕೆ. ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿ.

ಪ್ರಶ್ನೆಯನ್ನು ಯೋಚಿಸಿ ಬರೆಯಿರಿ. ‘ನೀವು ಎಲ್ಲೆಲ್ಲಿ ಹೋಗಿದ್ದೀರಿ?’ ಎಂದು ಕೇಳಿದರೆ ಊರಿನ ಹೆಸರಷ್ಟೇ ಬರುತ್ತದೆ, ಓದುವವರಿಗೆ ಏನೂ ಇಲ್ಲ. ‘ಗುರುತಿಲ್ಲದ ಊರಿನಲ್ಲಿ ನಿಮಗೆ ಊಟ ಹಾಕಿದವರು ಯಾರು?’ ಎಂದು ಕೇಳಿ ನೋಡಿ. ಅಂದಹಾಗೆ, ಆಹಾರಕ್ಕೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕು. ಅಬಕಾರಿ ಪರವಾನಗಿ ಇಲ್ಲದೆ ಹೋಂಸ್ಟೇಯಲ್ಲಿ ಮದ್ಯ ಮಾರುವ ಗೋಜಿಗೆ ಹೋಗಬೇಡಿ.

ಮಗನಿಗೆ ಎರಡು ಕೆಜಿ ಕಾಫಿಪುಡಿ, ಕರಿಬೇವು, ಚಟ್ನಿಪುಡಿ ಒಯ್ಯಬಹುದೇ?
— ಚಿಕ್ಕಮಗಳೂರಿನಿಂದ

ಹುರಿದ ಕಾಫಿಪುಡಿ, ಚಟ್ನಿಪುಡಿ ಒಯ್ಯಬಹುದು. ಹಸಿ ಕರಿಬೇವು, ಹಣ್ಣು, ಮಾಂಸ ಬಿಡುವುದಿಲ್ಲ. ತಿನ್ನುವ ಪದಾರ್ಥ ಏನೇ ಇದ್ದರೂ ಕಸ್ಟಮ್ಸ್‌ನಲ್ಲಿ ‘ಇದೆ’ ಎಂದೇ ಹೇಳಿ. ಹೇಳಿದ್ದಕ್ಕೆ ದಂಡವಿಲ್ಲ, ಬಚ್ಚಿಟ್ಟದ್ದಕ್ಕೆ ಇದೆ. ಪುಡಿಗಳನ್ನು ಕೈಚೀಲದಲ್ಲಿ ಇಡಬೇಡಿ. ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 350 ಮಿಲಿ ಡಬ್ಬಿಗಿಂತ ಹೆಚ್ಚಿನ ಪುಡಿಯನ್ನು ಭದ್ರತಾ ತಪಾಸಣೆಯಲ್ಲಿ ತಡೆಯಬಹುದು. ಲಗೇಜಿಗೆ ಹಾಕಿ, ಅರ್ಧರ್ಧ ಕೆಜಿ ಪೊಟ್ಟಣ ಮಾಡಿಸಿ, ಅಂಗಡಿಯ ಚೀಟಿ ಅಂಟಿಸಿದ್ದೇ ಇರಲಿ. ಚಿಕೋರಿ ಬೆರೆತಿದ್ದರೆ ಎಷ್ಟೆಂದು ಅದರಲ್ಲೇ ಬರೆಸಿ.