ಐಟಿಐ ಮುಗಿಸಿದ ಕೊಡಗಿನ ಹುಡುಗ ಗಣಿ ಕೆಲಸಕ್ಕೆ ಸೇರುವುದು ಹೇಗೆ?

ಕುಶಾಲನಗರದಲ್ಲಿದ್ದೀರಿ, ಐಟಿಐ ಫಿಟ್ಟರ್ ಮುಗಿದಿದೆ, ಕೆಜಿಎಫ್‌ನಲ್ಲಿ ಮೈನರ್, ಅಂದರೆ ಗಣಿ ಕಾರ್ಮಿಕ ಆಗಬೇಕು, ಅದಕ್ಕೆ ಯಾರನ್ನು ಹಿಡಿಯಬೇಕು ಅಂತ ಕೇಳಿದ್ದೀರಿ. ಯಾರನ್ನೂ ಹಿಡಿಯಬೇಡಿ ಮಾರಾಯರೆ. ಕೆಜಿಎಫ್ ಚಿನ್ನದ ಗಣಿ 2001ರ ಫೆಬ್ರವರಿ 28ರಂದೇ ಮುಚ್ಚಿತು. ಅಲ್ಲಿ ಕೆಲಸ ಕೊಡಿಸ್ತೀನಿ ಅಂತ ಯಾರಾದರೂ ದುಡ್ಡು ಕೇಳಿದರೆ ಆ ನಂಬರ್ ಬ್ಲಾಕ್ ಮಾಡಿ. ನಮಗೆ ಹತ್ತಿರ ಅಂತ ಇದ್ದ ಕುದುರೆಮುಖದ ಕಬ್ಬಿಣದ ಅದಿರಿನ ಗಣಿಯೂ 2005ರ ಕೊನೆಗೆ ನಿಂತಿತು.

ನೆಲದೊಳಗೆ ಇಳಿಯುವ ಆಸೆ ಇದ್ದರೆ ಹಟ್ಟಿ ಚಿನ್ನದ ಗಣಿ ನೋಡಿ. ರಾಯಚೂರು ಜಿಲ್ಲೆ, ಲಿಂಗಸುಗೂರು ತಾಲ್ಲೂಕು, ರಾಜ್ಯ ಸರ್ಕಾರದ ಕಂಪನಿ. ಬಯಲು ಗಣಿ ಆದರೂ ಪರವಾಗಿಲ್ಲ ಅಂದರೆ ಬಳ್ಳಾರಿ ಜಿಲ್ಲೆಯ ಸಂಡೂರು ಕಡೆ ಕಬ್ಬಿಣದ ಅದಿರಿನ ಗಣಿಗಳಿವೆ. ಅಲ್ಲಿ ದೋಣಿಮಲೈನಲ್ಲಿರುವುದು ಎನ್‌ಎಂಡಿಸಿ, ಅದು ಕೇಂದ್ರ ಸರ್ಕಾರದ ಗಣಿ ಕಂಪನಿ.

ನಾನು ಸೋಮವಾರಪೇಟೆ ಕಡೆಯವನು. ನೆಲದೊಳಗಿನ ಗಣಿಯಲ್ಲಿ ಹಲವು ವರ್ಷ ಮೇಟ್ ಆಗಿದ್ದೆ, ಅಂದರೆ ಒಂದು ಗುಂಪಿನ ಕೆಲಸ, ಸುರಕ್ಷತೆ ನೋಡಿಕೊಳ್ಳುವವನು. ಈಗ ಊರಲ್ಲಿ ಕಾಫಿ, ಮೆಣಸು ನೋಡಿಕೊಂಡಿದ್ದೇನೆ. ನನ್ನ ಕೇಳಿದರೆ ನೀವು ಮೈನರ್ ಆಗಿ ಹೋಗಲೇಬೇಡಿ, ಫಿಟ್ಟರ್ ಆಗಿಯೇ ಹೋಗಿ. ಗಣಿ ಅಂದರೆ ಬರೀ ಕಲ್ಲು ಒಡೆಯುವುದಲ್ಲ. ಒಳಗಿನ ನೀರು ಎತ್ತುವ ಪಂಪು, ಗಾಳಿ ಕೊಡುವ ಫ್ಯಾನು, ಕಂಪ್ರೆಸರ್, ಜನರನ್ನು ಇಳಿಸಿ ಹತ್ತಿಸುವ ವೈಂಡರ್, ಮೇಲೆ ಕ್ರಷರ್, ಮಿಲ್ಲು. ಇವೆಲ್ಲ ನಿಂತರೆ ಗಣಿಯೇ ನಿಂತಂತೆ. ಬರೀ ಮೈಕೆಲಸಕ್ಕೆ ಎಷ್ಟೋ ಕಡೆ ಕಾಂಟ್ರಾಕ್ಟರ್ ಮೂಲಕವೇ ಜನ ತಗೊಳ್ಳುತ್ತಾರೆ. ಅಲ್ಲಿ ಸೇರುವುದು ಸುಲಭ, ಪರ್ಮನೆಂಟ್ ಆಗುವುದು ಕಷ್ಟ. ಐಟಿಐ ಇದ್ದವರಿಗೆ ಮೊದಲ ಮೆಟ್ಟಿಲು ಅಪ್ರೆಂಟಿಸ್. ಕೇಂದ್ರ ಸರ್ಕಾರದ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ಈಗಲೇ ಹೆಸರು ನೋಂದಾಯಿಸಿ. ಎನ್‌ಎಂಡಿಸಿಯವರು ಆಗಾಗ ಮೇಂಟೆನೆನ್ಸ್ ಅಸಿಸ್ಟೆಂಟ್ ಟ್ರೈನಿ ಅಂತ ಕರೆಯುತ್ತಾರೆ, ನಿಮ್ಮಂಥವರಿಗೇ ಇರುವ ಹುದ್ದೆ ಅದು.

ಇಲ್ಲ, ನನಗೆ ಗಣಿ ಕೆಲಸವೇ ಬೇಕು ಅಂದರೆ ಸರ್ಟಿಫಿಕೇಟ್ ಮಾಡಿಕೊಳ್ಳಬೇಕು. ಚಿನ್ನ, ಕಬ್ಬಿಣ, ಕಲ್ಲಿನ ಗಣಿಗಳಲ್ಲಿ ಮೇಟ್, ಬ್ಲಾಸ್ಟರ್ (ಮದ್ದು ಸಿಡಿಸುವವನು), ಫೋರ್‌ಮನ್ ಅಂತ ಮೆಟ್ಟಿಲುಗಳಿವೆ. ಇವನ್ನು ಕೊಡುವುದು ಡಿಜಿಎಂಎಸ್, ಅಂದರೆ ಗಣಿ ಸುರಕ್ಷತೆಯ ಮಹಾನಿರ್ದೇಶನಾಲಯ. ಅದರ ಕೇಂದ್ರ ಕಚೇರಿ ಧನ್‌ಬಾದ್‌ನಲ್ಲಿದೆ. ಪರೀಕ್ಷೆಗೆ ಕೂರಬೇಕಾದರೆ ಗಣಿಯಲ್ಲಿ ದುಡಿದ ಅನುಭವ, ಮೆಡಿಕಲ್ ಫಿಟ್ನೆಸ್, ಸೇಂಟ್ ಜಾನ್ ಆಂಬ್ಯುಲೆನ್ಸ್‌ನವರ ಫಸ್ಟ್ ಏಡ್ ಸರ್ಟಿಫಿಕೇಟ್ ಬೇಕು. ಈ ಕೊನೆಯದನ್ನು ಊರಲ್ಲಿ ಇರುವಾಗಲೇ ಮುಗಿಸಿಕೊಂಡರೆ ಒಳ್ಳೆಯದು.

ಅನುಭವಕ್ಕೆ ನಮ್ಮ ಜಿಲ್ಲೆಯ ಕಲ್ಲು ಕ್ವಾರಿ ಆಗಲ್ವಾ ಅಂತ ಕೇಳಬಹುದು. ಕೆಲವು ಆಗುತ್ತವೆ. ಮದ್ದು ಸಿಡಿಸುವ ಕ್ವಾರಿಯೂ ಕಾನೂನಿನ ಪ್ರಕಾರ ಗಣಿಯೇ, 1952ರ ಗಣಿ ಕಾಯ್ದೆಯಿಂದಲೂ ಹಾಗೇ. ಆದರೆ ನೌಕರರ ರಿಜಿಸ್ಟರ್‌ನಲ್ಲಿ ನಿಮ್ಮ ಹೆಸರಿರಬೇಕು. ನಮ್ಮವರು ಅದಕ್ಕೆ ಬಿ ಫಾರಂ ಅಂತಲೇ ಹೇಳುವುದು. ಮಾಲೀಕ ವಾರಕ್ಕೊಮ್ಮೆ ಕೈಗೆ ಕಾಸು ಕೊಟ್ಟು ಕಳಿಸುವ ಕಡೆ ಎಷ್ಟು ವರ್ಷ ದುಡಿದರೂ ಲೆಕ್ಕಕ್ಕಿಲ್ಲ. ಇನ್ನೊಂದು ಮಾತು. ಕೊಡವರಿಗೆ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ, ಕ್ವಾರಿ ಮದ್ದಿಗೆ ಯಾರಿಗೂ ಇಲ್ಲ. ಸರ್ಟಿಫಿಕೇಟ್ ಇಲ್ಲದೆ ಡಿಟೋನೇಟರ್ ಮುಟ್ಟಿದರೆ ಕೈಯೂ ಹೋಗಬಹುದು, ಕೇಸೂ ಬೀಳಬಹುದು. ಭಾಗಮಂಡಲದ ಕಡೆ ನಿಶಾನಿ ಬೆಟ್ಟದಲ್ಲಿ ಕೆಂಪು ಹರಳುಕಲ್ಲು ಅಗೆಯೋಣ ಬಾ ಅಂತ ಯಾರಾದರೂ ಕರೆದರೆ ಅದು ಗಣಿಗಾರಿಕೆ ಅಲ್ಲ, ಕಳ್ಳತನ.

ಎಲ್ಲೇ ಆಯ್ಕೆಯಾದರೂ ಮೊದಲು ಮೆಡಿಕಲ್ ಆಗುತ್ತದೆ. ಎದೆಯ ಎಕ್ಸ್‌ರೇ, ಕಣ್ಣು, ಕಿವಿ, ಉಸಿರಿನ ಪರೀಕ್ಷೆ. ಆಮೇಲೆ ವೊಕೇಶನಲ್ ಟ್ರೈನಿಂಗ್, ನಮ್ಮ ಬಾಯಲ್ಲಿ ವಿ.ಟಿ. ಅದು ಮುಗಿಯದೆ ಕೆಲಸಕ್ಕೆ ಬಿಡುವಂತಿಲ್ಲ. ವಯಸ್ಸು 18 ತುಂಬಿರಲೇಬೇಕು.

ಇನ್ನು ಕೆಲಸ. ಶಿಫ್ಟ್‌ಗೆ ಮುಂಚೆ ಟೋಕನ್ ತೆಗೆದುಕೊಂಡು, ಕ್ಯಾಪ್ ಲ್ಯಾಂಪ್ ಸಿಕ್ಕಿಸಿ, ಗಮ್‌ಬೂಟ್ ಹಾಕಿ ಕೇಜ್, ಅಂದರೆ ಒಳಗೆ ಇಳಿಸುವ ಲಿಫ್ಟ್ ಮುಂದೆ ನಿಲ್ಲುತ್ತೀರಿ. ಆ ಟೋಕನ್ ಸಣ್ಣ ವಸ್ತು ಅಂದುಕೊಳ್ಳಬೇಡಿ. ಯಾರು ಮೇಲೆ ಬಂದರು, ಯಾರು ಇನ್ನೂ ಒಳಗಿದ್ದಾರೆ ಅಂತ ಗೊತ್ತಾಗುವುದು ಅದರಿಂದಲೇ. ಒಳಗೆ ಹೋದ ಮೇಲೆ ನೇರ ಡ್ರಿಲ್ ಹಿಡಿಯುವುದಿಲ್ಲ. ಹಿಂದಿನ ಶಿಫ್ಟ್‌ನವರು ಸಿಡಿಸಿ ಹೋಗಿರುತ್ತಾರೆ, ತಲೆಯ ಮೇಲಿನ ಬಂಡೆ ಸಡಿಲ ಆಗಿರಬಹುದು. ಹೊಗೆ ಪೂರ್ತಿ ಹೋಗಿದೆಯಾ ನೋಡಬೇಕು. ಆಮೇಲೆ ಗಟ್ಟಿ ಕಲ್ಲಿನ ಕೆಳಗೆ ನಿಂತು, ಉದ್ದನೆಯ ಹಾರೆಯಿಂದ ಮೇಲೆ ತಟ್ಟುತ್ತಾ ಮುಂದೆ ಹೋಗಬೇಕು. ಗಟ್ಟಿ ಇದ್ದರೆ ಠಣ್ ಅನ್ನುತ್ತದೆ. ಒಳಗೆ ಬಿರುಕಿದ್ದರೆ ಹಲಸಿನ ಹಣ್ಣು ತಟ್ಟಿದ ಹಾಗೆ ಬೊದ್ ಅನ್ನುತ್ತದೆ. ಬೊದ್ ಅಂದ ಕಲ್ಲನ್ನು ಮೀಟಿ ಕೆಡವಿದ ಮೇಲೇ ಉಳಿದವರು ಒಳಗೆ ಬರಬೇಕು. ಇದಕ್ಕೆ ಡ್ರೆಸ್ಸಿಂಗ್ ಅನ್ನುತ್ತಾರೆ. ಹೊಸಬರಿಗೆ ಇದು ಬೋರಿಂಗ್ ಕೆಲಸ. ಟಾರ್ಗೆಟ್ ಅವಸರದಲ್ಲಿ ಇದನ್ನೇ ಬೇಗ ಮುಗಿಸು ಅನ್ನುವ ಸೂಪರ್‌ವೈಸರ್‌ಗಳೂ ಇರುತ್ತಾರೆ. ಅಂಥವರ ಮಾತು ಕೇಳಬೇಡಿ. ಬೈದರೆ ಬೈಯಲಿ.

ಎರಡನೇ ಶತ್ರು ಧೂಳು. ಕಲ್ಲಿನ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್. ಅದು ವಾಸಿಯಾಗುವ ಕಾಯಿಲೆ ಅಲ್ಲ. ಅದಕ್ಕೇ ಡ್ರಿಲ್ ಮಾಡುವಾಗ ತೂತಿಗೆ ನೀರು ಬಿಡಬೇಕು. ನೀರು ಬಿಟ್ಟರೆ ಮೈಯೆಲ್ಲ ಕೆಸರು ಅಂತ ಸುಮ್ನೆ ಒಣದಾಗಿ ಹೊಡೆಯುವವರು ಇದ್ದಾರೆ. ಕೆಸರು ತೊಳೆದರೆ ಹೋಗುತ್ತದೆ, ಅಲ್ವಾ? ಸೇರಿದ ಮೇಲೂ ಆಗಾಗ ಮೆಡಿಕಲ್ ಮಾಡಿಸಬೇಕು ಅಂತ ನಿಯಮ ಇದೆ. ಆ ಎಕ್ಸ್‌ರೇಗಳ ಒಂದೊಂದು ಕಾಪಿ ಮನೆಯಲ್ಲಿ ಇಟ್ಟುಕೊಳ್ಳಿ, ಮುಂದೆ ಪರಿಹಾರ ಕೇಳುವಾಗ ಬೇಕಾಗುತ್ತದೆ.

ಕತ್ತಲೆಗೆ ಹೆದರಿಕೆ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಕತ್ತಲೆ ಬೇಗ ಅಭ್ಯಾಸ ಆಗುತ್ತದೆ. ಕೊಡಗಿನವರಿಗೆ ಜಾಸ್ತಿ ಕಷ್ಟ ಕೊಡುವುದು ಸೆಕೆ. ಒಳಗೆ ಬೆವರು ಆರುವುದಿಲ್ಲ. ಮೇಲೆ ಬಂದರೆ ರಾಯಚೂರಿನ ಏಪ್ರಿಲ್ ಬಿಸಿಲು, 40 ಡಿಗ್ರಿ ದಾಟಿರುತ್ತದೆ. ನಮ್ಮಲ್ಲಿ ಜೂನ್‌ನಿಂದ ಮಳೆ ಸಾಕಪ್ಪಾ ಸಾಕು ಅನ್ನುತ್ತೇವೆ, ಅಲ್ಲಿ ಒಂದು ಹನಿಗೆ ಬಾಯಿ ಬಿಡುತ್ತೀರಿ. ಜೋಳದ ರೊಟ್ಟಿ ಮಾತ್ರ ಬೇಗ ಹಿಡಿಸುತ್ತದೆ. ಸೇರುವುದಾದರೆ ಮಳೆಗಾಲ ಮುಗಿದ ಮೇಲೆ ಹೋಗಿ, ಮೈ ಒಗ್ಗಲು ಸ್ವಲ್ಪ ಟೈಮ್ ಸಿಗುತ್ತದೆ.

ಪಿಯುಸಿ ಸೈನ್ಸ್ ಓದುತ್ತಿರುವ ತಂಗಿಯ ಬಗ್ಗೆಯೂ ಕೇಳಿದ್ದೀರಿ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಮೈನಿಂಗ್ ಎಂಜಿನಿಯರಿಂಗ್ ಇದೆ, ಮಡಿಕೇರಿಯಿಂದ ಇಳಿದರೆ ದೂರವೇನಲ್ಲ. ಹೆಂಗಸರು ನೆಲದೊಳಗೆ ಕೆಲಸ ಮಾಡಬಾರದು ಅಂತ ಮೊದಲು ಇತ್ತು. 2019ರಲ್ಲಿ ಅದನ್ನು ಸಡಿಲಿಸಿ, ಅವರು ಲಿಖಿತ ಒಪ್ಪಿಗೆ ಕೊಟ್ಟರೆ ಟೆಕ್ನಿಕಲ್, ಸೂಪರ್‌ವೈಸರ್, ಮ್ಯಾನೇಜರ್ ಕೆಲಸಗಳಿಗೆ ಬೆಳಗ್ಗೆ 6ರಿಂದ ಸಂಜೆ 7ರವರೆಗೆ ಇಳಿಯಬಹುದು ಅಂತ ಮಾಡಿದರು. ಅವಳಿಗೆ ಇಷ್ಟ ಇದ್ದರೆ ಜೆಇಇ ಬರೆಯಲಿ.