ಮನೆಯಿಂದ ಫೋನ್ ಬಂದಾಗ ಮಾತೇ ಹೊರಡದಿದ್ದರೆ

ಅಪ್ಪ ಅವ್ವ ಅಂದರೆ ಪ್ರಾಣ, ಆದರೂ ಮಂಡ್ಯದ ಮನೆ ಬಿಟ್ಟು ಮೈಸೂರಿನ ಹಾಸ್ಟೆಲಿಗೆ ಬಂದ ಮೇಲೆ ಅವರ ಜೊತೆ ಫೋನಿನಲ್ಲಿ ಎರಡು ಮಾತಾಡುವಷ್ಟರಲ್ಲಿ ಸಾಕಾಗುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನೂ ಮಾತು ಕಮ್ಮಿಯವನೇ. ಮದ್ದೂರು ಕಡೆಯಿಂದ ಬಂದು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಓದಿದವನು.

ಮೊದಲು ಹೊತ್ತು ಬದಲಿಸಿ. ದಿನವೆಲ್ಲ ಕ್ಲಾಸು, ಮೆಸ್ಸು, ರೂಮಿನವರ ಗಲಾಟೆ ಮುಗಿಸಿ ಬಂದ ನಮ್ಮಂಥವರಿಗೆ ರಾತ್ರಿ ಮಾತಾಡುವ ಶಕ್ತಿಯೇ ಉಳಿದಿರುವುದಿಲ್ಲ. ನಾನು ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುತ್ತಾ ನಾನೇ ಫೋನ್ ಮಾಡುತ್ತಿದ್ದೆ. ಹತ್ತಿರ ಯಾರೂ ಕೇಳಿಸಿಕೊಳ್ಳುವವರಿಲ್ಲ ಅನ್ನುವುದೇ ದೊಡ್ಡ ನಿರಾಳ.

ನಿಮ್ಮ ಬಗ್ಗೆ ಹೇಳಿಕೊಳ್ಳುವುದು ಕಷ್ಟವಾದರೆ ಅವರ ಕೆಲಸದ ಬಗ್ಗೆ ಕೇಳಿ. 'ಏನ್ ಸಮಾಚಾರ' ಅಂದರೆ 'ಏನೂ ಇಲ್ಲ' ಅಂತಾರೆ, ಅಲ್ಲಿಗೆ ಮುಗೀತು. 'ಅಪ್ಪ, ಕಟ್ಟೇಲಿ ನೀರು ಎಷ್ಟಡಿಗೆ ಬಂತು?' ಅಂತ ಕೇಳಿ ನೋಡಿ. ಕೆಆರ್‌ಎಸ್ ಈ ಸಲ ಪೂರ್ತಿ ತುಂಬಿ 124.80 ಅಡಿ ಮುಟ್ಟುತ್ತಾ, ವಿ.ಸಿ. ನಾಲೆಗೆ ನೀರು ಯಾವಾಗ ಬಿಡ್ತಾರೆ, ಕಬ್ಬು ಕಡಿಯೋಕೆ ಆಳು ಸಿಕ್ಕಿದ್ರಾ, ಇದರ ಬಗ್ಗೆ ಮಂಡ್ಯದ ರೈತನಿಗೆ ಹೇಳುವುದು ಯಾವತ್ತೂ ಇದ್ದೇ ಇರುತ್ತದೆ. ನೀವು ಕೇಳುತ್ತಾ ಹೋದರೆ ಸಾಕು, ಕೇಳುವುದು ನಮಗೆ ಚೆನ್ನಾಗಿ ಬರುತ್ತದೆ. ಅವ್ವನ ಹತ್ತಿರ ಉಪ್ಸಾರಿನ ಖಾರಕ್ಕೆ ಮೆಣಸು, ಬೆಳ್ಳುಳ್ಳಿ ಎಷ್ಟೆಷ್ಟು ಅಂತ ಕೇಳಿ. ಬರೀ ಅಳತೆ ಹೇಳಿ ಸುಮ್ಮನಾಗುವವರಲ್ಲ ಅವರು.

ಒಂದು ಮಾತನ್ನು ಮಾತ್ರ ಬಾಯಿಬಿಟ್ಟು ಹೇಳಲೇಬೇಕು: 'ಫೋನಲ್ಲಿ ನಂಗೆ ಜಾಸ್ತಿ ಮಾತು ಬರಲ್ಲ, ಕೋಪ ಅಲ್ಲ, ತೊಂದ್ರೇನೂ ಇಲ್ಲ.' ಇಲ್ಲದಿದ್ದರೆ ನಮ್ಮ ಮೌನಕ್ಕೆ ಅವರು ನೂರು ಅರ್ಥ ಹಚ್ಚಿಕೊಂಡು ನಿದ್ದೆಗೆಡುತ್ತಾರೆ. ನಡುವೆ ವಾಟ್ಸಾಪಿನಲ್ಲಿ ಮೆಸ್ಸಿನ ತಟ್ಟೆಯ ಫೋಟೋ, ಚಿಕ್ಕದೊಂದು ವಾಯ್ಸ್ ಮೆಸೇಜ್ ಕಳಿಸಿ. ಟೈಪ್ ಮಾಡಿದ ಸಾಲಿಗಿಂತ ಮಕ್ಕಳ ದನಿ ಅವರಿಗೆ ಮುಖ್ಯ.

ಮಂಡ್ಯ ಮೈಸೂರಿಗೆ ದೂರವೂ ಅಲ್ಲ, 45 ಕಿಲೋಮೀಟರು. ರಜೆಯಲ್ಲಿ ಹೋಗಿ ಅವರ ಜೊತೆ ಅವರೆಕಾಯಿ ಸುಲಿಯುತ್ತಾ, ಹಸುವಿಗೆ ಮೇವು ಹಾಕುತ್ತಾ ಸುಮ್ಮನಿದ್ದು ಬನ್ನಿ. ಫೋನಿನಲ್ಲಿ ಹೊರಡದ ಎಷ್ಟೋ ಮಾತು ಕೈಯಲ್ಲಿ ಕೆಲಸ ಇದ್ದಾಗ ತಾನಾಗಿ ಬರುತ್ತದೆ.

ಆದರೆ ಸ್ನೇಹಿತರೂ ಬೇಡ, ಊಟ ಸೇರುತ್ತಿಲ್ಲ, ನಿದ್ದೆ ಇಲ್ಲ ಅನ್ನುವ ಹಾಗಿದ್ದರೆ ಅದನ್ನು ಸ್ವಭಾವ ಅಂತ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.