ಬಡವರಿಗೆ ಉಚಿತ ವಕೀಲರ ನೆರವು ಯಾವಾಗಿನಿಂದ ಇದೆ?

ಮಂಡ್ಯದ ನ್ಯಾಯಾಲಯದಲ್ಲಿ ಬಡವರಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುವ ಪದ್ಧತಿ ಯಾವಾಗ ಆರಂಭವಾಯಿತೆಂದು ಕೇಳಿದ್ದೀರಿ. ಇದಕ್ಕೆ ಒಂದೇ ಇಸವಿಯನ್ನು ಹೇಳಲಾಗದು.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯು ನಿರ್ಗತಿಕರಿಗೆ ನ್ಯಾಯಾಲಯ ಶುಲ್ಕವನ್ನು ಮೊದಲೇ ಕಟ್ಟದೆ ದಾವೆ ಹೂಡಲು ಅವಕಾಶ ಕೊಟ್ಟಿತ್ತಾದರೂ, ವಕೀಲರ ಫೀಸಿನ ಪ್ರಶ್ನೆ ಬಹುಕಾಲ ಹಾಗೆಯೇ ಉಳಿಯಿತು. 1976ರಲ್ಲಿ ಸಂವಿಧಾನದ 42ನೇ ತಿದ್ದುಪಡಿಯು 39ಎ ವಿಧಿಯನ್ನು ಸೇರಿಸಿ ಉಚಿತ ಕಾನೂನು ನೆರವನ್ನು ರಾಜ್ಯದ ಹೊಣೆಯನ್ನಾಗಿಸಿತು. ಆದರೆ ಅದು ನಿರ್ದೇಶಕ ತತ್ತ್ವವಷ್ಟೇ, ಅಂದರೆ ಸರ್ಕಾರಕ್ಕೆ ಮಾರ್ಗದರ್ಶನವೇ ಹೊರತು ನ್ಯಾಯಾಲಯದ ಮೂಲಕ ಜಾರಿಗೊಳಿಸಬಹುದಾದ ಹಕ್ಕಲ್ಲ. ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು 1979ರ ಹುಸೇನಾರಾ ಖಾತೂನ್ ಪ್ರಕರಣ. ತಮ್ಮ ಮೇಲಿನ ಆರೋಪಕ್ಕೆ ವಿಧಿಸಬಹುದಾದ ಗರಿಷ್ಠ ಶಿಕ್ಷೆಗಿಂತಲೂ ಹೆಚ್ಚು ಕಾಲ, ವಿಚಾರಣೆಯೇ ಮುಗಿಯದೆ, ಬಿಹಾರದ ಜೈಲುಗಳಲ್ಲಿ ಕೊಳೆಯುತ್ತಿದ್ದವರ ಸ್ಥಿತಿಯನ್ನು ಕಂಡ ಸುಪ್ರೀಂ ಕೋರ್ಟ್, ಬಡ ಆರೋಪಿಗೆ ಉಚಿತ ವಕೀಲರನ್ನು ಒದಗಿಸುವುದು 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಅಡಕವಾಗಿದೆಯೆಂದು ಹೇಳಿತು.

ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಬಂದದ್ದು 1987ರಲ್ಲಿ, ಜಾರಿಯಾದದ್ದು (ನಮ್ಮಲ್ಲಿ ತಡವಾಗುವುದು ಹೀಗೆಯೇ) 1995ರ ನವೆಂಬರ್ 9ರಂದು. ಉಚಿತ ವಕೀಲರನ್ನು ಒದಗಿಸುವ ಮಂಡ್ಯ, ಮೈಸೂರುಗಳ ಜಿಲ್ಲಾ ಪ್ರಾಧಿಕಾರಗಳಿಗೂ ತಾಲ್ಲೂಕು ಸಮಿತಿಗಳಿಗೂ ಇದೇ ಕಾಯ್ದೆ ಆಧಾರ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಹಾಗೂ ಪಂಗಡದವರು, ಬಂಧನದಲ್ಲಿರುವವರು ಈ ನೆರವು ಪಡೆಯಲು ಆದಾಯದ ಮಿತಿಯೇ ಇಲ್ಲವೆಂಬುದು ಅನೇಕರಿಗೆ ತಿಳಿದಿರುವುದಿಲ್ಲ.